ಕಿವಿಯ ಕೆಳಗಿನ ಗುಳಿ

ಅಂಧೇರಿ ಪೂರ್ವ
11 ಜೂನ್ 2023

ಉಸ್ತಾದರಿಗೆ ಶೈಲಾಳ ನಮಸ್ಕಾರಗಳು.

ಎಷ್ಟೋ ಸಲ ಫೋನ್ ಮಾಡಿದೆ. ಪ್ರತಿ ಸಲವೂ ನೀವು "ಯಾರು? ಗ್ಯಾಸಿನವರಾ?" ಎಂದು ಕೇಳಿ ಇಟ್ಟುಬಿಟ್ಟಿರಿ. ಶಿವಪುತ್ರಣ್ಣನ ಮೊಬೈಲಿಗೆ ಮೆಸೇಜ್ ಹಾಕಿದರೆ, ಅವನು ಅಪ್ಪನಿಗೆ ಎಷ್ಟು ತಿಳಿದರೆ ಸಾಕೋ ಅಷ್ಟನ್ನು ಕೂಗಿ ಹೇಳಿ ಮುಗಿಸುತ್ತಾನೆ. ಕುಸ್ತಿಯಲ್ಲಿ ಮುದ್ದೆಯಾದ ನಿಮ್ಮ ಕಿವಿಗಳಿಗೆ ಇನ್ನು ಫೋನು ಆಗುವುದಿಲ್ಲ ಎಂದು ಒಪ್ಪಿಕೊಂಡು, ಸ್ಟೇಷನ್ನಿನ ಹತ್ತಿರ ಹಾಳೆ, ಲಕೋಟೆ ಕೊಂಡು ತಂದೆ. ಭಾಂಡುಪಿನ ಕನ್ನಡ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತದ್ದು ಇಷ್ಟು. ತಪ್ಪಿದ್ದರೆ ನಗಬೇಡಿ.

ಕೆಲಸ ಹೊಂದಿಕೊಂಡಿತು. ಏರ್‌ಪೋರ್ಟಿನ ಹತ್ತಿರದ ಹೋಟೆಲು, ಹೌಸ್‌ಕೀಪಿಂಗ್, ಬೆಳಗಿನ ಪಾಳಿ. ಇಲ್ಲೇ ಒಂದು ರೂಮಿನಲ್ಲಿ ಕೆಲವರು ಹುಡುಗಿಯರು ಒಟ್ಟಿಗೆ ಇದ್ದೇವೆ. ನನ್ನ ಪಕ್ಕದ ಹಾಸಿಗೆ ಸ್ನೇಹಲ್‌ಳದು. ಮರಾಠಿ ಹುಡುಗಿ, ಮಾತು ಕಡಿಮೆ. ಸಂದೀಪ ಎಂಬವನ ಜೊತೆ ಅವಳ ಮದುವೆ ಗೊತ್ತಾಗಿತ್ತು. ಕೈ ಮಾಡುವವನು ಎಂದು ತಿಳಿದು ಅವಳೇ ಮುರಿದಳು. ಈಗ ಅವನು ಪಾಳಿ ಮುಗಿಯುವ ಹೊತ್ತಿಗೆ ಹೋಟೆಲಿನ ಹಿಂದಿನ ಗೇಟಿನ ಎದುರು, ಬಸ್ ಸ್ಟಾಪಿನಲ್ಲಿ ಬಂದು ನಿಲ್ಲುತ್ತಾನೆ. ಏನೂ ಅನ್ನುವುದಿಲ್ಲ. ನಿಲ್ಲುತ್ತಾನೆ, ಅಷ್ಟೆ. ಸ್ನೇಹಲ್ ನನ್ನ ದುಪಟ್ಟಾದ ತುದಿ ಹಿಡಿದುಕೊಂಡು ನಡೆಯುತ್ತಾಳೆ.

ಅವಳಿಗೆ ಧೈರ್ಯ ಹೇಳಲು ಹೋಗಿ ನಿಮ್ಮ ವಿಷಯ ತೆಗೆದೆ. ಗರಡಿಯ ಕೆಮ್ಮಣ್ಣನ್ನು ಹೆಣ್ಣುಮಕ್ಕಳು ತುಳಿಯಬಾರದು ಎಂದು ನಮ್ಮ ಭಾಂಡುಪ್ ಕಾಲೊನಿಯ ಹಿರಿಯರು ಅಂದಾಗ, ನೀವು ಜಗಳಕ್ಕೆ ಹೋಗದೆ ಕನ್ನಡ ಸಂಘದ ಸಭಾ ಹಾಲಿನ ಸಿಮೆಂಟು ನೆಲದ ಮೇಲೆ ಜಮಖಾನ ಹಾಸಿ ಭಾನುವಾರ ನಮಗೇ ಬೇರೆ ಕ್ಲಾಸು ಶುರು ಮಾಡಿದ್ದು. "ಕುಸ್ತಿ ಅವ್ರಿಗೆ ಇರ್ಲಿ. ನಿಮಗ ಮರ್ಮ ಸಾಕು" ಅಂದದ್ದು. ಆಮೇಲೆ ಕಿವಿಯ ಕೆಳಗಿನ ಗುಳಿ. ದವಡೆಯ ಎಲುಬು ಮುಗಿಯುವಲ್ಲಿ ಹೆಬ್ಬೆರಳಿಟ್ಟು ಮೇಲಕ್ಕೆ ಒತ್ತಿದರೆ ಸಾಕು, ಆನೆಯಂಥ ನೀವು ಮೊಣಕಾಲೂರಿ ಕುಸಿಯುತ್ತಿದ್ದಿರಿ. "ಒತ್ತು, ಬಿಡು, ನಡಿ" ಎಂದು ನೀವು ಹೇಳಿಕೊಡುವುದು. ನಾವು ಬಿಡುವ ಮೊದಲೇ ನೀವು ನೆಲದ ಮೇಲೆ! ಈ ಬೆರಳಿಗೆ ಇಷ್ಟು ಶಕ್ತಿ ಇದೆಯೇ ಎಂದು ಹದಿನಾರರ ಹುಡುಗಿ ತನ್ನ ಕೈಯನ್ನೇ ನೋಡಿಕೊಂಡಿದ್ದಳು. ಅದರ ಬಲದ ಮೇಲೆಯೇ ನಾನು ಇವತ್ತಿಗೂ ಈ ಊರಿನಲ್ಲಿ ಓಡಾಡುತ್ತಿದ್ದೇನೆ ಉಸ್ತಾದರೇ. ನಿಮಗೆ ಇದನ್ನು ಎಂದೂ ಹೇಳಿರಲಿಲ್ಲ.

ಸ್ನೇಹಲ್‌ಗೂ ರೂಮಿನವರಿಗೂ ಕಲಿಸಬೇಕು ಎಂದಿದ್ದೇನೆ. ಬಿಲ್ಡಿಂಗಿನ ಟೆರೇಸು ಸಿಗುತ್ತದೆ. ನಿಮ್ಮ ಅಪ್ಪಣೆ ಬೇಕು.

ಹಾಲವ್ವಮ್ಮನಿಗೆ ನಮಸ್ಕಾರ.

ನಿಮ್ಮ ಶೈಲಾ


ಭಾಂಡುಪ್
20 ಜೂನ್ 2023

ಶೈಲವ್ವ,

ನಿನ್ನ ಲಕೋಟೆ ಬಂದಾಗ ಹಾಲವ್ವ "ಯಾರ ಮದುವಿ ಪತ್ರಿಕಿ?" ಎಂದು ಕೇಳಿದಳು. ನಮ್ಮ ಮನೆಗೆ ಅಂಚೆಯವನು ಬಂದು ಎಷ್ಟು ವರ್ಷವಾಯಿತೋ. ಪೂರಾ ಓದಿ ಹೇಳಿದೆ. ಗ್ಯಾಸಿನವನ ಮಾತಿಗೆ ನಕ್ಕಳು. ನಾನೂ ನಕ್ಕೆ. ಅಕ್ಷರ ಚೆನ್ನಾಗಿದೆ.

ಕಲಿಸು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ತೊಗಲು, ರಟ್ಟೆಯ ಒಳಮೈ, ಇವನ್ನು ಕಲಿಸು. ಹಿಡಿದ ಕೈ ಸಡಿಲಾಗಲು ಇವು ಸಾಕು. ನಿಯಮ ಗೊತ್ತಲ್ಲ: ಯಾವ ಮರ್ಮ ಕಲಿಸಿದರೂ ಮೊದಲು ನಿನ್ನ ಮೈಮೇಲೆ ಒತ್ತಿಸಿಕೊಳ್ಳಬೇಕು. ತಾನು ನೋವು ಕಾಣದೆ ಬೇರೆಯವರಿಗೆ ನೋವು ಕೊಡುವುದನ್ನು ಹೇಳಿಕೊಡುವವನು ಉಸ್ತಾದನಲ್ಲ.

ಕಿವಿಯ ಕೆಳಗಿನ ಗುಳಿಯನ್ನು ಮಾತ್ರ ಈಗ ಕಲಿಸಬೇಡ. ಅದರದು ಒಂದು ಪಾಠ ಬಾಕಿ ಇದೆ. ನೀನು ಅಂಧೇರಿಗೆ ಹೋಗುವ ಭಾನುವಾರ ಮಾಡಬೇಕೆಂದು ತಯಾರಾಗಿ ಕೂತಿದ್ದೆ. ನೀನು ಪೇಡೆ ಕೊಟ್ಟು, ಕಾಲು ಮುಟ್ಟಿ, ಟೆಂಪೋ ನಿಂತಿದೆ ಎಂದು ಓಡಿದೆ. ಒಂದು ಭಾನುವಾರ ಬಾ. ಮುಂಜಾನೆ ಬಂದರೆ ಊಟ ಮಾಡಿಕೊಂಡು ಹೋಗಬಹುದು.

ನಾನೇ ಬರುತ್ತಿದ್ದೆ. ಸ್ಟೇಷನ್ನಿನ ಬ್ರಿಜ್ ಹತ್ತುವುದು ಆಗುವುದಿಲ್ಲ. ಮೊಣಕಾಲು ಹೋಗಿವೆ. ಪೈಲವಾನರ ಮೊಣಕಾಲು ಇಷ್ಟೇ, ಯಾರನ್ನು ದೂರುವುದು.

ಅಣವೀರಪ್ಪ


ಅಂಧೇರಿ ಪೂರ್ವ
6 ಆಗಸ್ಟ್ 2023

ಉಸ್ತಾದರಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ಇದರ ಜೊತೆಗೆ ಬೇರೆ ಪಾರ್ಸಲಿನಲ್ಲಿ ಮೊಣಕಾಲಿಗೆ ಹಾಕುವ ಪಟ್ಟಿ ಕಳಿಸಿದ್ದೇನೆ. ಹಗಲು ಹಾಕಿಕೊಳ್ಳಿ, ಮಲಗುವಾಗ ತೆಗೆಯಿರಿ. ಹಾಲವ್ವಮ್ಮನಿಗೆ ಚಿವಡಾ ಇದೆ.

ಬರಬೇಕೆಂದು ನನಗೂ ಇದೆ. ಭಾನುವಾರವೇ ಹೋಟೆಲಿನಲ್ಲಿ ಹೆಚ್ಚು ಕೆಲಸ. ನನ್ನ ವಾರದ ರಜೆ ಮಂಗಳವಾರವೋ ಬುಧವಾರವೋ ಬರುತ್ತದೆ, ಆ ದಿನ ಬಟ್ಟೆ ಒಗೆಯುವುದರಲ್ಲೇ ಹೊತ್ತು ಹೋಗುತ್ತದೆ. ಪಾಠ ಬಾಕಿ ಇದೆ ಎಂದು ಬರೆದಿರಿ. ಉಸ್ತಾದರೇ, ಪಾಠದ ನೆವ ಬೇಡ, ನನಗೆ ಅರ್ಥವಾಗುತ್ತದೆ. ಕ್ಲಾಸು ನಿಂತ ಮೇಲೆ ನಿಮಗೆ ಭಾನುವಾರಗಳು ಖಾಲಿ ಅನ್ನಿಸುತ್ತವೆ. ಗಣಪತಿ ಮುಗಿಯಲಿ, ಖಂಡಿತ ಬರುತ್ತೇನೆ, ಪಾಠ ಇಲ್ಲದಿದ್ದರೂ ಬರುತ್ತೇನೆ.

ಇಲ್ಲಿ ಕ್ಲಾಸು ಚೆನ್ನಾಗಿ ನಡೆದಿದೆ. ಹೋಟೆಲಿನವರು ತೆಗೆದುಹಾಕಿದ ಹಳೆ ಬೆಡ್‌ಶೀಟುಗಳನ್ನು ಟೆರೇಸಿನಲ್ಲಿ ಹಾಸುತ್ತೇವೆ. ನೀವು ಬೈದರೂ ಸರಿ, ಕಿವಿಯ ಕೆಳಗಿನ ಗುಳಿಯನ್ನೂ ಕಲಿಸಿಬಿಟ್ಟೆ. ಸ್ನೇಹಲ್‌ಳ ಮುಖ ನೋಡಿ ತಡೆಯಲಾಗಲಿಲ್ಲ. ನಿಯಮದಂತೆ ಮೊದಲು ನನ್ನ ಮೇಲೆಯೇ ಒತ್ತಿಸಿಕೊಂಡೆ. ನೋವಾಯಿತು, ಕಣ್ಣಲ್ಲಿ ನೀರೂ ಬಂತು, ಆದರೆ ನಾನು ಬೀಳಲಿಲ್ಲ. ಅವಳ ಬೆರಳಿಗೆ ಇನ್ನೂ ಬಲ ಬಂದಿಲ್ಲ ಎಂದು ಹೇಳಿದೆ. ಪಾಪ, ಸಪ್ಪಗಾದಳು. ಮರುದಿನ ಮೇಲೆ ಬರಲಿಲ್ಲ, ತಲೆನೋವು ಅಂದಳು. ಅಭ್ಯಾಸ ಮಾಡಿದರೆ ಬರುತ್ತದೆ, ಅಲ್ಲವೇ?

ಸಂದೀಪ ಈಗಲೂ ಬಂದು ನಿಲ್ಲುತ್ತಾನೆ. ನನಗೆ ಭಯವಿಲ್ಲ. ಅವನ ಕಿವಿಯ ಕೆಳಗೆ ನೋಡಿಕೊಂಡೇ ದಾಟಿ ಹೋಗುತ್ತೇನೆ.

ನಿಮ್ಮ ಶೈಲಾ


ಭಾಂಡುಪ್
14 ಆಗಸ್ಟ್ 2023

ಶೈಲವ್ವ,

ಪಟ್ಟಿ ಬಂತು, ಹಾಕಿಕೊಂಡಿದ್ದೇನೆ. ಬಿಗಿಯಾಗಿದೆ, ಹಿತವಾಗಿದೆ. ಚಿವಡಾ ಶಿವಪುತ್ರ ತಿಂದ.

ನಿನ್ನ ಕಾಗದದಲ್ಲಿ ಒಂದು ಸಾಲಿದೆ: ಸ್ನೇಹಲ್ ಒತ್ತಿದಾಗ ನೋವಾಯಿತು, ಬೀಳಲಿಲ್ಲ. ಆ ಸಾಲನ್ನು ನೀನೇ ಮತ್ತೆ ಓದು. ಓದಿ ಯೋಚನೆ ಮಾಡು.

ನೆವ ಅಲ್ಲ. ಬಾಕಿ ಪಾಠವನ್ನು ಬರೆದೇ ಹೇಳಿಬಿಡೋಣ ಎಂದು ಕೂತೆ. ಬರೆದ ಹಾಳೆ ಹರಿದು ಹಾಕಿದೆ. ಇದು ಕಾಗದದ ಮೇಲೆ ಅರ್ಧ ಮಾತ್ರ ಬರುತ್ತದೆ. ಆ ಅರ್ಧ ಓದಿದರೆ ನಿನ್ನಲ್ಲಿರುವ ಧೈರ್ಯ ಹೋಗುತ್ತದೆ, ಉಳಿದರ್ಧ ಕೈಗೆ ಬಂದಿರುವುದಿಲ್ಲ. ನೀನು ದಿನಾ ಆ ಗೇಟು ದಾಟಿ ಹೊರಗೆ ಬರಬೇಕಾದವಳು. ಖಾಲಿ ಕೈಯಲ್ಲಿ ನಿನ್ನನ್ನು ಹೇಗೆ ಬಿಡಲಿ?

ಅಲ್ಲಿಯವರೆಗೆ ಅವನ ಹತ್ತಿರ ಹೋಗಬೇಡ. ಗೇಟಿನ ವಾಚ್‌ಮನ್‌ಗೆ ಹೇಳಿಡು.

ಹಾಲವ್ವ ಹೇಳುತ್ತಾಳೆ: "ಊರ ಜಾತ್ರಿ ಅಂದ್ರ ಶೈಲವ್ವಗ ವಿಜಾಪುರದ ಬಸ್ ಹತ್ತಾಕ ರಜಾ ಸಿಗತೈತಿ, ಭಾಂಡುಪಿಗೆ ಸಿಗೂದಿಲ್ಲ. ಅಂಧೇರಿ ಬಾಳ ದೂರ ಆತು ಬಿಡು." ನಾನಲ್ಲ, ಅವಳು.

ಅಣವೀರಪ್ಪ


ಅಂಧೇರಿ ಪೂರ್ವ
2 ಅಕ್ಟೋಬರ್ 2023

ಶ್ರೀ ಅಣವೀರಪ್ಪನವರಿಗೆ,

ಗಣಪತಿಗೆ ಬರಲಾಗಲಿಲ್ಲ. ಬಾತ್‌ರೂಮಿನಲ್ಲಿ ಜಾರಿ ಬಲಗೈಗೆ ಸ್ವಲ್ಪ ಪೆಟ್ಟಾಗಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಕ್ಲಾಸು ನಿಲ್ಲಿಸಿದೆ. ಕಾರಣ ಏನಿಲ್ಲ.

ನೀವು ಆರೋಗ್ಯ ನೋಡಿಕೊಳ್ಳಿ.

ಶೈಲಾ


ಭಾಂಡುಪ್
10 ಅಕ್ಟೋಬರ್ 2023

ಶೈಲವ್ವ,

ಬಾತ್‌ರೂಮಿನಲ್ಲಿ ಜಾರಿದವರು ನನ್ನನ್ನು ಶ್ರೀ ಅಣವೀರಪ್ಪನವರು ಎಂದು ಕರೆಯುವುದಿಲ್ಲ.

ಅವನು ಬೀಳಲಿಲ್ಲ, ಅಲ್ಲವೇ?

ಎಲುಬು ಮುರಿದಿದೆಯೋ, ಬರೀ ಉಳುಕೋ? ಡಾಕ್ಟರು ಏನಂದರು? ಶಿವಪುತ್ರನನ್ನು ಕಳಿಸಲೇ? ನಿನಗೆ ಬೇಡ ಎನ್ನಿಸಿದರೆ ಕಳಿಸುವುದಿಲ್ಲ. ಬೈಯುವುದಿದ್ದರೆ ಬೈದು ಬರೆ, ಬರೆಯದೆ ಇರಬೇಡ. ಎಡಗೈಯಲ್ಲಿ ಬರೆದದ್ದಾದರೂ ಓದುತ್ತೇನೆ.

ಹಾಲವ್ವ ನಿನ್ನ ಹೆಸರಿನಲ್ಲಿ ಮಾರುತಿಗೆ ಎಣ್ಣೆ ಕೊಟ್ಟು ಬಂದಳು.

ಅಣವೀರಪ್ಪ


ಅಂಧೇರಿ ಪೂರ್ವ
5 ನವೆಂಬರ್ 2023

ಉಸ್ತಾದರಿಗೆ,

ಈಗ ಬಲಗೈ ಬರೆಯುವಷ್ಟು ಏಳುತ್ತದೆ. ಕಾಲರ್ ಎಲುಬು ಮುರಿದಿತ್ತು. ಜೋಳಿಗೆಯಂಥ ಪಟ್ಟಿಯಲ್ಲಿ ಕೈ ತೂಗುಹಾಕಿಕೊಂಡು ಇಷ್ಟು ದಿನ ಕಳೆದೆ.

ನಡೆದದ್ದನ್ನು ಬರೆಯುತ್ತೇನೆ.

ಗಣಪತಿ ಹಬ್ಬದ ವಾರ. ಮಧ್ಯಾಹ್ನ ಪಾಳಿ ಮುಗಿಸಿ ಹೊರಗೆ ಬಂದೆವು. ಸಂದೀಪ ಆ ದಿನ ಬಸ್ ಸ್ಟಾಪಿನಲ್ಲಿ ನಿಲ್ಲಲಿಲ್ಲ, ನೇರ ಬಂದು ಸ್ನೇಹಲ್‌ಳ ಮುಂಗೈ ಹಿಡಿದ. "ಊರಿಗೆ ನಡಿ, ನಿಮ್ಮಪ್ಪನ ಮುಂದೆ ಮಾತಾಡೋಣ" ಎಂದು ಎಳೆದ. ಅವಳು ಕಲ್ಲಾಗಿಬಿಟ್ಟಳು. ಟೆರೇಸಿನಲ್ಲಿ ಕಲಿಸಿದ್ದು ಒಂದೂ ಅವಳಿಗೆ ನೆನಪಾಗಲಿಲ್ಲ. ನೆನಪಾಗಿದ್ದರೂ, ನಿನ್ನ ಬೆರಳಿಗೆ ಬಲವಿಲ್ಲ ಎಂದು ನಾನೇ ಹೇಳಿಯಾಗಿತ್ತಲ್ಲ.

ನಾನು ಬ್ಯಾಗು ಕೆಳಗಿಟ್ಟೆ. ನೀವು ಹೇಳಿದಂತೆಯೇ, ಎರಡೂ ಕೈ ಖಾಲಿ. ಓಡಲಿಲ್ಲ, ನಡೆದೇ ಹೋದೆ. ಅವನ ಕಿವಿಯ ಕೆಳಗೆ ಹೆಬ್ಬೆರಳಿಟ್ಟು ಒತ್ತಿದೆ. ಜಾಗ ಸರಿ ಇತ್ತು ಉಸ್ತಾದರೇ. ಕತ್ತಲೆಯಲ್ಲೂ ನನಗೆ ಆ ಜಾಗ ಸಿಗುತ್ತದೆ.

ಅವನು ಬೀಳಲಿಲ್ಲ. ಸ್ನೇಹಲ್‌ಳ ಕೈ ಬಿಟ್ಟು ತಲೆ ತಿರುಗಿಸಿ, ಸೊಳ್ಳೆ ಕಚ್ಚಿದವನಂತೆ ನನ್ನನ್ನು ನೋಡಿದ. "ಏ, ಕ್ಯಾ ಕರ್ ರಹೀ ಹೈ ತೂ?" ಅಂದ. ನಾನು ಇನ್ನೂ ಜೋರಾಗಿ ಒತ್ತಿದೆ. ಬೀಳಬೇಕಿತ್ತಲ್ಲ! ನೀವೇ ಬೀಳುತ್ತಿದ್ದಿರಿ, ಇವನೇನು! ಅಲ್ಲೇ ನಿಂತು ಮತ್ತೂ ಒತ್ತಿದೆ. ಅವನು ಎರಡೂ ಕೈಯಿಂದ ನನ್ನನ್ನು ಎತ್ತಿ ಫುಟ್‌ಪಾತಿನ ಕಬ್ಬಿಣದ ಕಂಬಿಯ ಮೇಲೆ ಎಸೆದ. ಎಲುಬು ಮುರಿದ ಸದ್ದು ನನಗೇ ಕೇಳಿಸಿತು.

ಅಷ್ಟರಲ್ಲಿ ಸ್ನೇಹಲ್ ವಾಚ್‌ಮನ್‌ಗಳನ್ನು ಕರೆತಂದಳು. ಅವನನ್ನು ಹಿಡಿದರು, ಪೊಲೀಸು ಕೇಸಾಯಿತು. ಅದರ ನಂತರ ಅವನು ಈ ಕಡೆ ಬಂದಿಲ್ಲ.

ಆಸ್ಪತ್ರೆಯಲ್ಲಿ ಮಲಗಿ ನಿಮ್ಮ ಆಗಸ್ಟಿನ ಕಾಗದದ ಮಾತು ನೆನಪಿಸಿಕೊಂಡೆ. ನನಗೆ ನೋವಾಯಿತು, ನಾನು ಬೀಳಲಿಲ್ಲ. ಆ ಗುಳಿ ಒತ್ತಿದರೆ ಯಾರೂ ಬೀಳುವುದಿಲ್ಲ. ನೀವು ಬೀಳುತ್ತಿದ್ದಿರಿ, ನೀವಾಗಿ. ನಮ್ಮೆಲ್ಲರಿಗೂ, ಪ್ರತಿ ಭಾನುವಾರ.

ತುಂಬ ಸಿಟ್ಟು ಬಂತು. ಅವನ ಕೈಯಲ್ಲಿ ಚಾಕು ಇದ್ದಿದ್ದರೆ? ಸಿಟ್ಟಿನಲ್ಲೇ ಆ ಎಡಗೈ ಕಾಗದ ಬರೆದದ್ದು. ಈಗಲೂ ಸಿಟ್ಟಿದೆ, ಆದರೆ ಬೇರೆ ಒಂದು ವಿಷಯವೂ ಇದೆ, ಅದನ್ನು ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. ಅವನು ಬಿದ್ದೇ ಬೀಳುತ್ತಾನೆ ಎಂದು ನಂಬದಿದ್ದರೆ ನಾನು ಅವನ ಹತ್ತಿರ ಹೋಗುತ್ತಿರಲಿಲ್ಲ. ರಸ್ತೆಯಲ್ಲಿ ಅಷ್ಟು ಜನ ನಿಂತಿದ್ದರು, ಯಾರೂ ಹೋಗಲಿಲ್ಲ. ಮೊನ್ನೆ ಸ್ನೇಹಲ್ ನನ್ನ ತಲೆ ಬಾಚುತ್ತ, "ದೀದಿ, ನೀನು ನಡೆದು ಬಂದೆಯಲ್ಲ, ಅದನ್ನು ನೋಡಿಯೇ ನನ್ನ ಕಾಲಿಗೆ ಜೀವ ಬಂತು" ಅಂದಳು. ಆ ನಡಿಗೆ ನೀವು ಕೊಟ್ಟದ್ದು. ಮುರಿದ ಎಲುಬೂ ಅದರ ಜೊತೆಗೇ ಬಂತು. ಯಾವುದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ರೂಮಿನ ಹುಡುಗಿಯರಿಗೆ ಇನ್ನೂ ಏನೂ ಹೇಳಿಲ್ಲ, ಅವಸರದಲ್ಲಿ ನನ್ನ ಬೆರಳು ಜಾರಿತು ಎಂದುಕೊಂಡಿದ್ದಾರೆ. ಎಲ್ಲರೂ ಆ ಗುಳಿಯನ್ನೇ ನಂಬಿಕೊಂಡು ಲೋಕಲ್ ಹತ್ತುತ್ತಾರೆ, ಇಳಿಯುತ್ತಾರೆ. ಸುಳ್ಳು ಎಂದು ಹೇಳಿದರೆ ಅವರು ಮತ್ತೆ ದುಪಟ್ಟಾದ ತುದಿ ಹಿಡಿಯುತ್ತಾರೆ. ಹೇಳದಿದ್ದರೆ ನನ್ನಂತೆಯೇ ಕಂಬಿಗೆ ಬೀಳುತ್ತಾರೆ. ನಾನು ಏನು ಮಾಡಲಿ?

ಶೈಲಾ


ಭಾಂಡುಪ್
16 ನವೆಂಬರ್ 2023

ಶೈಲವ್ವ,

ನಿನ್ನ ಕಾಗದ ಹಾಲವ್ವನಿಗೆ ಓದಿ ಹೇಳಲಿಲ್ಲ. ಎಲುಬು ಕೂಡಿದೆ ಎಂದಷ್ಟೇ ಹೇಳಿದೆ. ದೀಪಾವಳಿಯ ಹೋಳಿಗೆ ನಿನಗಾಗಿ ತೆಗೆದಿಟ್ಟು, ಕೆಟ್ಟ ಮೇಲೆ ಹಸುವಿಗೆ ಕೊಟ್ಟಳು.

ನೀನು ಕಂಡುಕೊಂಡದ್ದು ಸರಿ. ನಾನಾಗಿಯೇ ಬೀಳುತ್ತಿದ್ದೆ. ನಮ್ಮ ಗರಡಿಯಲ್ಲಿ ಹೊಸಬನಿಗೆ ಉಸ್ತಾದ ಬೀಳಬೇಕು. ಇದು ನನ್ನ ಉಸ್ತಾದ ನನಗೆ ಮಾಡಿದ್ದು, ಅವನಿಗೆ ಅವನ ಉಸ್ತಾದ ಮಾಡಿದ್ದು. ಹೆದರಿದ ಕೈಗೆ ಯಾವ ಪಟ್ಟೂ ಬರುವುದಿಲ್ಲ. ಮೊದಲು ಹೆದರಿಕೆ ಇಳಿಯಬೇಕು, ಅದಕ್ಕೆ ಎದುರಿಗಿನವನು ಬೀಳಬೇಕು. ಆಮೇಲೆ ಒಂದು ದಿನ ಬರುತ್ತದೆ. ಆ ದಿನ ಮಾರುತಿಗೆ ಕಾಯಿ ಒಡೆದು ಉಸ್ತಾದ ಎದುರು ನಿಲ್ಲುತ್ತಾನೆ, ಮತ್ತು ಬೀಳುವುದಿಲ್ಲ. ಅವತ್ತು ಹುಡುಗ ಏನು ಮಾಡುತ್ತಾನೋ ಅದೇ ಕೊನೆಯ ಪಾಠ. ಅದಾಗದೆ ಯಾರನ್ನೂ ಗರಡಿಯಿಂದ ಬೀಳ್ಕೊಡುವುದಿಲ್ಲ. ನಿನ್ನನ್ನು ಮಾತ್ರ ಟೆಂಪೋ ಕರೆದುಕೊಂಡು ಹೋಯಿತು.

ಗುಳಿ ಸುಳ್ಳಲ್ಲ. ಅದರಲ್ಲಿ ಏನಿದೆ, ಏನಿಲ್ಲ ಎಂದು ನಿನ್ನ ಕೈ ತಿಳಿಯಬೇಕು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಸಿಟ್ಟಿದ್ದರೆ ಸಿಟ್ಟು ಇಟ್ಟುಕೊಂಡೇ ಬಾ, ಅದು ಪಾಠಕ್ಕೆ ಒಳ್ಳೆಯದು. ಹುಡುಗಿಯರಿಗೆ ಏನು ಹೇಳಬೇಕೆಂದು ಅದಾದ ಮೇಲೆ ನೀನೇ ಹೇಳುವೆ.

ಭುಜ ಪೂರ್ತಿ ವಾಸಿಯಾದ ಮೇಲೆ ಬಾ. ಸಂಘದ ಹಾಲಿನ ಬೀಗದ ಕೈ ಈಗಲೂ ನನ್ನ ಹತ್ತಿರ ಇದೆ.

ಅಣವೀರಪ್ಪ


ಅಂಧೇರಿ ಪೂರ್ವ
18 ಫೆಬ್ರುವರಿ 2024

ಉಸ್ತಾದರಿಗೆ,

ಜನವರಿಯ ಆ ಭಾನುವಾರ ಭಾಂಡುಪಿನಿಂದ ಬಂದ ಮೇಲೆ ಕೂಡಲೇ ಬರೆಯಬೇಕಿತ್ತು. ಬರೆಯಲಿಲ್ಲ, ಏಕೆಂದರೆ ಬರೆಯುವಷ್ಟು ನನಗೇ ಅರ್ಥವಾಗಿರಲಿಲ್ಲ. ಕಳೆದ ವಾರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ಅರ್ಥವಾಯಿತು. ಅದನ್ನು ಹೇಳುವ ಮೊದಲು ಸಂಘದ ಹಾಲಿನಲ್ಲಿ ಏನಾಯಿತು ಎಂದು ನನಗೆ ತಿಳಿದಂತೆ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ.

ಕಾಯಿ ಒಡೆದು ನೀವು ಜಮಖಾನದ ಮೇಲೆ ನಿಂತಿರಿ. ನಾನು ಒತ್ತಿದೆ. ನೀವು ಬೀಳಲಿಲ್ಲ. ಬೀಳುವುದಿಲ್ಲ ಎಂದು ನಿಮ್ಮ ಕಾಗದದಲ್ಲೇ ಓದಿಕೊಂಡು ಬಂದಿದ್ದೆ, ಎಲುಬು ಮುರಿದುಕೊಂಡು ಕಲಿತಿದ್ದೆ, ಆದರೂ ನನ್ನ ಹೆಬ್ಬೆರಳು ಮಾಡಿದ್ದೇನು? ಇನ್ನೂ ಜೋರಾಗಿ ಒತ್ತಿತು. ನೀವು ಗೋಡೆಯ ಹಾಗೆ ನಿಂತು "ಹೂಂ" ಅಂದಿರಿ. ನಾನು ಮತ್ತೂ ಒತ್ತಿದೆ. ಬಾಗಿಲಲ್ಲಿ ಕೂತಿದ್ದ ಹಾಲವ್ವಮ್ಮ, "ಎಷ್ಟ ಒತ್ತತೀಯ ಶೈಲವ್ವಾ? ಅದೇನ್ ಲಿಫ್ಟಿನ ಬಟನ್ ಏನು?" ಅಂದರು. ನಾನು ನಗುವಷ್ಟರಲ್ಲಿ ನಿಮ್ಮ ಎರಡೂ ಕೈ ನನ್ನ ಸೊಂಟದ ಮೇಲಿದ್ದವು, ಕಾಲು ನೆಲ ಬಿಟ್ಟಿತ್ತು. ಎತ್ತಿ, ಹುಷಾರಾಗಿ ಕೆಳಗಿಟ್ಟು, ನೀವು ಹೇಳಿದಿರಿ: "ನೋಡಿದೆಲ್ಲ. ಅದು ಬೀಳಸೂ ಜಾಗ ಅಲ್ಲವ್ವಾ, ಬಿಡಸೂ ಜಾಗ. ಒತ್ತಿದ್ರ ಅಂವ ಒಂದು ಚಣ ತಲಿ ತಿರುವತಾನ, ಹಿಡದ ಕೈ ಮರಿತಾನ. ಆ ಚಣ ನಿಂದು. ಅಲ್ಲೇ ನಿಂತಿ ಅಂದ್ರ ಮುಂದಿನ ಚಣ ಅವಂದು."

ನಾನು ಕೇಳಿದೆ, "ಇಷ್ಟನ್ನು ಬಾಯಲ್ಲೇ ಹೇಳಬಹುದಿತ್ತಲ್ಲ?"

ಕಿವಿಯ ಮಷಿನ್ ಸರಿಮಾಡಿಕೊಂಡು, ಎರಡನೇ ಸಲ ಕೇಳಿಸಿಕೊಂಡು ನೀವು ನಕ್ಕಿರಿ. "ಹೇಳಿದ್ನೆಲ್ಲವ್ವಾ, ಪ್ರತಿ ಐತವಾರ! ಒತ್ತು, ಬಿಡು, ನಡಿ. ನಿಮಗ ಒತ್ತು ಅನ್ನೂದು ಒಂದಽ ಕೇಳಸ್ತು. ನನ್ನ ಕಿವಿ ಕೆಟ್ಟಾವ ಅಂತ ನೀವ ನಗತಿದ್ರಿ."

ನಿಜ. ಮೊದಲನೆಯ ಮಾತಿಗೇ ನೀವು ಬೀಳುತ್ತಿದ್ದಿರಿ, ಉಳಿದ ಎರಡು ನಮಗೆ ಬೇಕಾಗಲೇ ಇಲ್ಲ. ಆ ಮುಂಜಾನೆ ನನ್ನ ಕೈ ತಾನಾಗಿ ಬಿಡುವವರೆಗೆ ನೀವು ಮತ್ತೆ ಮತ್ತೆ ಮಾಡಿಸಿದಿರಿ. ಒತ್ತಿದ ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇಷ್ಟು ಕಷ್ಟ ಎಂದು ನಾನು ತಿಳಿದಿರಲಿಲ್ಲ. ಆ ದಿನ ಗೇಟಿನ ಎದುರೂ ಸಂದೀಪ ಒಂದು ಸಲ ತಲೆ ತಿರುಗಿಸಿದ್ದ, ಸ್ನೇಹಲ್‌ಳ ಕೈ ಬಿಟ್ಟಿದ್ದ. ನಾನು ಅಷ್ಟಕ್ಕೇ ಹೊರಟಿದ್ದರೆ ಎಲುಬು ಉಳಿಯುತ್ತಿತ್ತು. ಗುಳಿ ತನ್ನ ಕೆಲಸ ಮಾಡಿತ್ತು. ಹೆಚ್ಚು ಆಸೆಪಟ್ಟವಳು ನಾನು.

ಊಟಕ್ಕೆ ಕೂತಾಗ ನೀವು ಕೈ ತೊಳೆಯಲು ಹೋಗಿದ್ದಿರಿ. ಹಾಲವ್ವಮ್ಮ ನನಗೆ ಒಂದು ಮಾತು ಹೇಳಿದರು. ಅಕ್ಟೋಬರಿನಲ್ಲಿ ನನ್ನ ಎಡಗೈ ಕಾಗದ ಬಂದ ದಿನ ನೀವು ಯಾರಿಗೂ ಹೇಳದೆ ಭಾಂಡುಪ್ ಸ್ಟೇಷನ್ನಿಗೆ ಹೋಗಿದ್ದಿರಂತೆ. ಬ್ರಿಜ್ಜಿನ ಅರ್ಧಕ್ಕೆ ಕೂತವರನ್ನು ಶಿವಪುತ್ರಣ್ಣ ಹೋಗಿ ಕರೆತಂದನಂತೆ. ನೀವು ನನಗೆ ಇದನ್ನು ಬರೆಯಲಿಲ್ಲ. ಆಗ ನಾನು ಬರೀ ರೊಟ್ಟಿ ಮುರಿಯುತ್ತ ಕೂತೆ. ಮುಂದಿನ ಮಾತಿಗೆ ನನ್ನ ಗಮನ ಅಷ್ಟಾಗಿ ಹೋಗಲಿಲ್ಲ. "ಕುಸ್ತಿ ಬಿಟ್ಟಾಗ ಮೊಣಕಾಲ ಛೊಲೋ ಇದ್ದೂ ನೋಡವ್ವಾ," ಅಂದರು. "ಆಮ್ಯಾಲ ಹೆಂಗ ಹ್ವಾದವೋ ಆ ದೇವರಿಗೇ ಗೊತ್ತು."

ಈಗ ಮೆಟ್ಟಿಲ ವಿಷಯ.

ಈ ತಿಂಗಳು ಕ್ಲಾಸು ಮತ್ತೆ ಶುರು ಮಾಡಿದೆ. ಸ್ನೇಹಲ್ ಬರುವುದಿಲ್ಲ ಎಂದು ಹಟ ಹಿಡಿದಳು. "ನನ್ನ ಕೈಯಲ್ಲಿ ಬಲ ಇಲ್ಲ ದೀದಿ, ನೀನೇ ಅಂದಿದ್ದೆ" ಅಂದಳು. ಎಳೆದುಕೊಂಡು ಬಂದು ಎದುರು ನಿಲ್ಲಿಸಿಕೊಂಡೆ. ಕಿವಿಯ ಕೆಳಗೆ ಅವಳು ಬೆರಳಿಟ್ಟಳು. ಒತ್ತಿದಳೋ ಇಲ್ಲವೋ ತಿಳಿಯದಷ್ಟು ಮೆಲ್ಲಗೆ ಒತ್ತಿದಳು.

ನಾನು ಬಿದ್ದೆ.

ಮೊದಲೇ ಯೋಚನೆ ಮಾಡಿರಲಿಲ್ಲ ಉಸ್ತಾದರೇ. ಅವಳ ಮುಖ ನೋಡಿದೆ, ನನ್ನ ಮೊಣಕಾಲು ತಾವಾಗಿ ಮಡಿಸಿಕೊಂಡವು. ಹುಡುಗಿಯರೆಲ್ಲ ಹೋ ಎಂದು ಕೂಗಿದರು. ಸ್ನೇಹಲ್ ತನ್ನ ಕೈಯನ್ನು ತಾನೇ ನೋಡಿಕೊಂಡಳು. ನಾನು ಹದಿನಾರರಲ್ಲಿ ನೋಡಿಕೊಂಡ ಹಾಗೆಯೇ. ಆಮೇಲೆ ಎಲ್ಲರೂ ನನಗೆ ಮೊದಲು, ನನಗೆ ಮೊದಲು ಎಂದು ಸಾಲು ನಿಂತರು. ಎಲ್ಲರಿಗೂ ಬಿದ್ದೆ.

ಮರುದಿನ ಮೊಣಕಾಲು ಊದಿ ನೀಲಿಯಾಗಿದ್ದವು. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ಕಂಬಿ ಹಿಡಿದು ನಿಂತುಬಿಟ್ಟೆ. ಹಿಂದಿನವರು "ಚಲೋ ಚಲೋ" ಎಂದು ತಳ್ಳಿಕೊಂಡು ಹೋದರು. ಒಂದೇ ಒಂದು ಸಂಜೆ ಬಿದ್ದದ್ದು ನಾನು. ಟೆರೇಸು, ಬೆಡ್‌ಶೀಟು. ಅಲ್ಲಿ ನಿಂತವಳಿಗೆ ಸಂಘದ ಹಾಲಿನ ಸಿಮೆಂಟು ನೆಲ ನೆನಪಾಯಿತು, ತೆಳ್ಳಗಿನ ಆ ಜಮಖಾನ ನೆನಪಾಯಿತು. ಗರಡಿಯಲ್ಲಿ ಹುಡುಗರಿಗೆ ನೀವು ಎಷ್ಟು ಬಿದ್ದರೂ ಕೆಳಗೆ ಎಣ್ಣೆ ಮಜ್ಜಿಗೆ ಹಾಕಿ ಹದ ಮಾಡಿದ ಮೆತ್ತನೆ ಮಣ್ಣು ಇತ್ತು. ಆ ಮಣ್ಣು ನಮಗೆ ಇರಲಿಲ್ಲ. ಕಾಲೊನಿಯ ಅಷ್ಟು ಹುಡುಗಿಯರಿಗೆ, ಅಷ್ಟು ವರ್ಷದ ಭಾನುವಾರ, ನೀವು ಸಿಮೆಂಟಿನ ಮೇಲೆ ಮೊಣಕಾಲೂರಿ ಬಿದ್ದಿರಿ.

ನಾನು ಪಟ್ಟಿ ಕಳಿಸಿ, ಹಗಲು ಹಾಕಿಕೊಳ್ಳಿ ಎಂದು ಉಪದೇಶ ಬರೆದೆ. ಪೈಲವಾನರ ಮೊಣಕಾಲು ಇಷ್ಟೇ ಎಂದು ನೀವು ಬರೆದಿರಿ.

ಇದಕ್ಕೆ ಏನು ಹೇಳಬೇಕು ಎಂದು ಹಲವು ದಿನ ಹುಡುಕಿದೆ. ಕೃತಜ್ಞತೆ ಎಂಬ ಪದ ಶಾಲೆಯಲ್ಲಿ ಕಲಿತಿದ್ದೆ. ಬರೆದು ನೋಡಿದೆ, ಸಾಲಲಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ನನಗೆ ತಿಳಿಯಿತು. ಇಷ್ಟು ವರ್ಷ ನಾನು ಓಡಾಡಿದ್ದು ನನ್ನ ಹೆಬ್ಬೆರಳಿನ ಬಲದಿಂದ ಅಲ್ಲ.

ಹುಡುಗಿಯರಿಗೆ ಈಗಲೇ ಹೇಳುವುದಿಲ್ಲ. ಆದರೆ ಕೊನೆಯ ಪಾಠದ ದಿನ ಗೊತ್ತು ಮಾಡಿದ್ದೇನೆ. ಯುಗಾದಿ. ಅಲ್ಲಿಯವರೆಗೆ ಯಾರೂ ಊರಿಗೆ ಹೋಗುವಂತಿಲ್ಲ, ರೂಮು ಬದಲಿಸುವಂತಿಲ್ಲ ಎಂದು ಮಾತು ತೆಗೆದುಕೊಂಡಿದ್ದೇನೆ. ಗೇಟಿನ ಮುಂದೆ ಟೆಂಪೋ ನಿಂತರೆ ಓಡಿಸುತ್ತೇನೆ. ಆ ದಿನ ಕಾಯಿ ಒಡೆದು ಅವರೆದುರು ನಿಲ್ಲುತ್ತೇನೆ, ಬೀಳುವುದಿಲ್ಲ. ಅಲ್ಲಿಯವರೆಗೆ, ಒತ್ತು ಎನ್ನುವುದಕ್ಕಿಂತ ಜೋರಾಗಿ ಬಿಡು ಎಂದು ಕೂಗುತ್ತಿದ್ದೇನೆ. ಕೆಳಗಿನ ಮನೆಯ ಅಜ್ಜಿ ಬಂದು ಯಾರನ್ನು ಯಾರು ಹಿಡಿದಿದ್ದಾರೆ ಎಂದು ಕೇಳಿಹೋದರು.

ನಿಮ್ಮ ಶೈಲಾ


ಭಾಂಡುಪ್
27 ಫೆಬ್ರುವರಿ 2024

ಶೈಲಾ ಉಸ್ತಾದರಿಗೆ,

ಕಾಗದ ಓದಿದೆ. ಹಾಲವ್ವನಿಗೂ ಓದಿ ಹೇಳಿದೆ. ಅವಳು ನನ್ನ ಮೊಣಕಾಲಿಗೆ ಹಚ್ಚುತ್ತಿದ್ದ ಎಣ್ಣೆಯ ಬಟ್ಟಲು ಕೆಳಗಿಟ್ಟಳು. ಆಮೇಲೆ, "ಇಷ್ಟ ವರ್ಷ ನಾ ಎಣ್ಣಿ ಹಚ್ಚಿದ್ದು ಈ ಹುಡುಗ್ಯಾರ ಸಲುವಾಗಿ ಅಂತ ಹೇಳಿದ್ರ ಇನ್ನಷ್ಟು ಛೊಲೋ ತಿಕ್ಕತಿದ್ನೆಲ್ಲಾ" ಅಂದಳು.

ನನ್ನ ಉಸ್ತಾದನಿಗೂ ಮೊಣಕಾಲು ಕೆಟ್ಟಿದ್ದವು. ಕಾರಣ ಏನೆಂದು ನಾನು ಒಂದು ದಿನವೂ ಕೇಳಲಿಲ್ಲ. ನೀನು ಕೇಳದೆಯೇ ತಿಳಿದುಕೊಂಡೆ. ಅವನಿಗೆ ಸಲ್ಲಬೇಕಾದದ್ದೂ ನಿನ್ನ ಕಾಗದದಲ್ಲಿ ಸಂದಿತು ಎಂದುಕೊಂಡೆ.

ಈಗ ಕೆಲಸದ ಮಾತು. ಬೆಡ್‌ಶೀಟು ಸಾಲದು, ಕೆಳಗೆ ಹತ್ತಿಯ ಹಾಸಿಗೆ ಹಾಸು. ಮೊಣಕಾಲ ಮೇಲೆ ಬೀಳಬೇಡ. ಕುಂಡೆಯ ಮೇಲೆ ಬೀಳು, ಮಗ್ಗುಲಿಗೆ ಉರುಳು. ನನಗೆ ಇದು ತಡವಾಗಿ ಹೊಳೆಯಿತು.

ಇನ್ನೊಂದು. ಹುಡುಗಿ ಒತ್ತಿದ ಕೂಡಲೇ ಬೀಳಬೇಡ, ಅನುಮಾನ ಬರುತ್ತದೆ. ಒಂದು ಉಸಿರು ತಡೆದು, ಅವಳ ಕಣ್ಣು ನೋಡಿ, ಆಮೇಲೆ ಬೀಳು. ಆಗ ನಂಬುತ್ತಾಳೆ.

ಅಣವೀರಪ್ಪ